ವರ್ಷಕ್ಕೊಂದು ಬಾಗಿಲಿನ ಕಾರು

ಗ್ಯಾರೇಜು ಇಟ್ಟವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕೆಟ್ಟ ಗಾಡಿಯ ಜೊತೆ ಅದರ ಯಜಮಾನರೂ ಬರುತ್ತಾರಲ್ಲ. ಐವತ್ತರ ದಶಕದ ಕೊನೆಗೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನ ಗ್ಯಾರೇಜು ಇತ್ತು. ಪಕ್ಕದ ಡಾಕ್ಟರು ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಕೊಂಡರು. ಎರಡೇ ಸೀಟು, ಬಟ್ಟೆಯ ಟಾಪು. ಆ ಮಾದರಿ ಹೊರಬಂದ ಮೊದಲನೇ ವರ್ಷದ ಗಾಡಿ. ಆಮೇಲೆ ಕಂಪನಿಯವರು ವರ್ಷವರ್ಷವೂ ಅದರಲ್ಲಿ ಏನಾದರೊಂದು ಬದಲಾಯಿಸುತ್ತಾ ಹೋದರು. ಅದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುವ ಪೈಕಿ ಡಾಕ್ಟರೂ ಅಲ್ಲ, ನಾನೂ ಅಲ್ಲ.

ಹಿಂದಿನ ದೀಪ

ಎಮ್ಮೆಯೊಂದು ಮೈ ಒರಸಿ ಹಿಂದಿನ ದೀಪ ಒಡೆಯಿತು. ಬೊಂಬಾಯಿಯಿಂದ ತರಿಸಿದೆವು. ಬಂದದ್ದು ಎರಡನೇ ವರ್ಷದ ದೀಪ. ನಮ್ಮದು ದುಂಡಗೆ, ಇದು ಉದ್ದ. ವಾಪಸು ಕಳಿಸಿದರೆ ಮೂರನೇ ವರ್ಷದ್ದು ಬಂತು, ಇನ್ನೂ ಉದ್ದ! ನಾನು ಹಟ ಬಿಡಲಿಲ್ಲ. ತಗಡಿನ ಕೆಲಸದ ಸಾಬರನ್ನು ಕರೆಸಿ ಬಾಡಿಯನ್ನೇ ಕೊರೆಸಿದೆ. ಅವರು ಬೆವರು ಒರಸಿಕೊಂಡು ಅಂದರು: “ಕಾರಿಗೆ ದೀಪ ಹೊಂದ್ಸಿದ್ದು ನೋಡಿದ್ದೆ. ದೀಪಕ್ಕೆ ಕಾರು ಹೊಂದ್ಸೋದು ಇದೇ ಮೊದ್ಲು ನೋಡ್ರಿ!”

ಹರಿಹರದ ಪಂಪು

ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪು ಕೈಕೊಟ್ಟಿತು. ಹರಿಹರದ ವಕೀಲರೊಬ್ಬರ ಹತ್ತಿರ ಅದೇ ಕಾರು, ಎರಡನೇ ವರ್ಷದ್ದು. ಅವರ ಪಂಪು ಹಾಕಿ ನೋಡೋಣವೆಂದು ದಾರಿಯುದ್ದಕ್ಕೂ ತಳ್ಳಿಕೊಂಡು ಹೋದೆವು. ಎರಡು ತಾಸು ಒದ್ದಾಡಿದರೂ ಕೂಡಲಿಲ್ಲ.

“ಎರಡೂ ಒಂದೇ ಕಾರು ಅಂದ್ರಲ್ಲ?” ಎಂದರು ವಕೀಲರು.

“ಅಣ್ಣತಮ್ಮ ಅನ್ರಿ. ಆದ್ರೆ ಅಣ್ಣ ಕಟ್ಟಿಸಿದ ಹಲ್ಲು ತಮ್ಮನ ಬಾಯಿಗೆ ಕೂಡ್ತದೇನ್ರಿ?” ಎಂದೆ.

ವಕೀಲರು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ಅವರದೂ ಕಟ್ಟಿಸಿದ್ದೇ ಅಂತ ನನಗೇನು ಗೊತ್ತು! ಹಳೇ ಪಂಪಿಗೇ ಹೊಸ ಚರ್ಮ ಕತ್ತರಿಸಿ ಹಾಕಿ, ಬೇಗ ಹೊರಟೆ.

ಬೆಂಚು

ಮೊದಲನೇ ವರ್ಷದ ಬಾಗಿಲಿಗೆ ಹೊರಗೆ ಹಿಡಿಕೆಯಿಲ್ಲ, ಬೀಗವಿಲ್ಲ, ಏರಿಸೋ ಗಾಜೂ ಇಲ್ಲ. ಒಳಗೆ ಕೈ ಹಾಕಿ ದಾರ ಎಳೆದರೆ ತೆರೆಯುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ದವಾಖಾನೆ ಮುಂದೆ ನಿಂತ ಕಾರಿನಲ್ಲಿ ಇಬ್ಬರು ರೈತರು ಎಲೆಯಡಿಕೆ ಹಾಕುತ್ತಾ ಕೂತಿದ್ದಾರೆ.

“ಇಲ್ಯಾಕ ಕೂತೀರಿ?” ಎಂದರು ಡಾಕ್ಟರು.

“ಒಳಗೆ ಬೆಂಚು ತುಂಬೈತ್ರಿ. ನಮ್ಮ ಪಾಳಿ ಬಂದಾಗ ಕರೀರಿ.”

ಕೊಕ್ಕನೂರು

ಅಂದೇ ಡಾಕ್ಟರು ಬೀಗದ ಬಾಗಿಲು ಬೇಕೆಂದು ಪಟ್ಟು ಹಿಡಿದರು. ಬೊಂಬಾಯಿಯ ಗುಜರಿಯಿಂದ ಮೂರನೇ ವರ್ಷದ ಎರಡೂ ಬಾಗಿಲು ತರಿಸಿ, ಅರದಲ್ಲಿ ಉಜ್ಜಿ ಉಜ್ಜಿ ಎರಡು ತಿಂಗಳಿಗೆ ಕೂರಿಸಿದೆ. ಏರಿಸೋ ಗಾಜು, ಒಳ್ಳೇ ಬೀಗ!

ಮರುದಿನವೇ ಕೊಕ್ಕನೂರಿನಿಂದ ಆಳು ಓಡಿ ಬಂದ: ಚೊಚ್ಚಲ ಹೆರಿಗೆ, ಎರಡು ದಿನದಿಂದ ನೋವು. ದಾರಿಯಲ್ಲಿ ಕೆಟ್ಟರೆ ಇರಲಿ ಅಂತ ನನ್ನನ್ನೂ ಕರೆದುಕೊಂಡು ಡಾಕ್ಟರು ಧೂಳೆಬ್ಬಿಸಿದರು. ಮನೆ ಮುಂದೆ ಇಳಿದು ಇಬ್ಬರೂ ಠಪ್ಪೆಂದು ಬಾಗಿಲು ಹಾಕಿದೆವು. ಬೀಗ ತಾನಾಗಿಯೇ ಬಿತ್ತು. ಕೀಲಿಯೂ ಡಾಕ್ಟರ ಚೀಲವೂ ಒಳಗೆ.

“ಹೆಂಗಾರ ಮಾಡಿ ಚೀಲ ತೆಗಿ!” ಎಂದು ಡಾಕ್ಟರು ಬರಿಗೈಯಲ್ಲೇ ಮನೆಯೊಳಗೆ ಓಡಿದರು.

ಹೊಸ ಗಾಜು ಒಡೆಯಲು ಮನಸ್ಸಾಗಲಿಲ್ಲ. ಟಾಪಿನ ಹಿಂದಿನ ಗುಂಡಿ ಬಿಚ್ಚಿ ತಲೆ ತೂರಿಸಿದೆ. ಹೆಗಲು ಹೋಯಿತು, ಸೊಂಟ ಸಿಕ್ಕಿಕೊಂಡಿತು. ಚೀಲ ಒಂದು ಗೇಣು ದೂರ. ಹೊರಗೆ ಕಾಲು ಬಡಿಯುತ್ತಾ ಅರ್ಧ ಗಂಟೆ ಹೆಣಗಿದೆ. ಮನೆಯೊಳಗಿನ ನರಳಾಟ ಕೇಳಿದಷ್ಟೂ ಇನ್ನೂ ಜೋರಾಗಿ ಒದ್ದಾಡಿದೆ.

ಆಮೇಲೆ ಕೂಸಿನ ಅಳು ಕೇಳಿತು. ನನ್ನ ಕಣ್ಣಲ್ಲೂ ನೀರು. ಬಾಣಂತಿಯ ಅಜ್ಜಿ ಹೊಸಲಿಗೆ ಬಂದು ನನ್ನ ಕಾಲುಗಳನ್ನು ನೋಡಿ ಕೂಗಿದಳು:

“ಡಾಕ್ಟ್ರೇ, ಇನ್ನೊಂದು ಐತೆ, ಬರ್ರಿ! ಇದು ಕಾಲು ಮುಂದಾಗಿ ಬಂದು ನಿಂತೈತೆ!”