ಅಮ್ಮನ ಹಲ್ಲಿನ ಸೆಟ್ಟು ತನಿಖೆಗೆ ಒಳಪಟ್ಟ ಬಗ್ಗೆ

ಬಸ್ ನಿಲ್ದಾಣದ ವಿಚಾರಣಾಧಿಕಾರಿಗಳಾದ ಮಾನ್ಯರೇ,

ಬಟ್ಟೆ ಹೊಲಿದು ಬದುಕುವ ಈ ದರ್ಜಿಯ ಸಾಷ್ಟಾಂಗ ನಮಸ್ಕಾರಗಳನ್ನು, ಕುರ್ಚಿಯಿಂದ ಏಳುವ ತೊಂದರೆ ತೆಗೆದುಕೊಳ್ಳದೆ, ಕುಳಿತಲ್ಲಿಂದಲೇ ಸ್ವೀಕರಿಸಬೇಕಾಗಿ ವಿನಂತಿ.

ಕಳೆದ ವಾರ ತಮ್ಮ ಬಸ್ಸಿನಲ್ಲಿ ತೂಕಡಿಸುವ ಮುಂಚೆ ಹಲ್ಲಿನ ಸೆಟ್ಟನ್ನು ತೆಗೆದು ಡಬ್ಬಿಗೆ ಹಾಕಿದ ನಮ್ಮ ಅಮ್ಮ, ಇಳಿಯುವ ಗಡಿಬಿಡಿಯಲ್ಲಿ ಡಬ್ಬಿಯನ್ನು ಸೀಟಿನ ಮೇಲೆಯೇ ಬಿಟ್ಟರು. ಕಂಡಕ್ಟರು ಒಳ್ಳೆಯವರು, ಅದನ್ನು ತಂದು ತಮ್ಮ ಕಚೇರಿಗೇ ಒಪ್ಪಿಸಿದ್ದರು. ತಮ್ಮಲ್ಲಿ ಅಕ್ಕಪಕ್ಕ ಎರಡು ಬಾಗಿಲು. ಒಂದರ ಮೇಲೆ ಎನ್‌ಕ್ವೈರಿ, ಇನ್ನೊಂದರ ಮೇಲೆ ಇನ್‌ಕ್ವೈರಿ. ಮೊದಲನೆಯದರಲ್ಲಿ ನಾವು ಕೇಳುವುದು, ಎರಡನೆಯದರಲ್ಲಿ ನಮ್ಮನ್ನು ಕೇಳುವುದು ಎಂಬ ಸೂಕ್ಷ್ಮ ತಿಳಿಯದೆ, ಸಾಲು ಚಿಕ್ಕದಿದೆಯೆಂಬ ದುರಾಸೆಯಿಂದ, ಡಬ್ಬಿ ಕೇಳಲು ಬಂದ ನಾನು ಎರಡನೆಯದಕ್ಕೆ ನುಗ್ಗಿದೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು.

ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು! ಮೇಜಿನ ಮೇಲೇ ಇದ್ದ ಡಬ್ಬಿಯನ್ನು ಸಾಕ್ಷ್ಯವೆಂದು ಅರಗು ಹಾಕಿಸಿ ಮೊಹರು ಒತ್ತಿಸಿದಿರಿ, ನನ್ನ ಕಸುಬು, ಅತ್ತೆ ಮನೆಯವರ ನಡತೆ ಎಲ್ಲ ವಿಚಾರಿಸಿದಿರಿ, ಆ ಹಲ್ಲಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣಿತ್ತೇ ಎಂದೂ ಕೇಳಿದಿರಿ. ಕೊನೆಗೆ ಅಮ್ಮನೇ ಬಂದು ಸ್ಪಷ್ಟವಾದ ಮಾತಿನಲ್ಲಿ ಹೇಳಿಕೆ ಕೊಡಬೇಕೆಂದಿರಿ. ಅವರು ಬಂದು "ನನ್ ಹಲ್ಲಪ್ಪಾ ಅದು, ಕೊಟ್ಬಿಡು" ಎಂದದ್ದು ಬೊಚ್ಚು ಬಾಯಿಂದ ಬರೀ ಗಾಳಿಯಾಗಿ ಹೊರಟಾಗ, ಸಾಕ್ಷಿ ಸಹಕರಿಸಲಿಲ್ಲ ಎಂದು ಬರೆಸಿದಿರಿ. ಹೇಳಿಕೆಯಿಲ್ಲದೆ ಹಲ್ಲಿಲ್ಲ, ಹಲ್ಲಿಲ್ಲದೆ ಹೇಳಿಕೆಯಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಮಾತನ್ನು ಹಿರಿಯರು ತಮ್ಮ ಕಚೇರಿಯನ್ನು ನೋಡಿಯೇ ಹೇಳಿರಬೇಕು.

ಮನೆಯಲ್ಲೀಗ ಅಮ್ಮ ನೀರಾಗಿಸಿದ ಗಂಜಿಯನ್ನೇ ಕುಡಿಯುತ್ತಾರೆ; ಮೊಮ್ಮಗಳು ನಗಿಸಿದರೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಹೇಳಿಕೆ ಮುಗಿಯುವವರೆಗಾದರೂ ಹಲ್ಲುಗಳನ್ನು ಒಬ್ಬ ಕಾವಲುಗಾರನ ಸಮೇತ ಅಮ್ಮನ ಬಾಯಲ್ಲಿ ಇರಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ ತಾವೇ ಒಮ್ಮೆ ಹಾಕಿಕೊಂಡು ನೋಡಿ. ತಮಗೆ ಹೊಂದದಿದ್ದರೆ ಕನಿಷ್ಠ ಶಂಕಿತರಲ್ಲಿ ಒಬ್ಬರಾದರೂ ಕಡಿಮೆಯಾದಂತಾಯಿತು.

ಏನನ್ನಾದರೂ ಕೇಳಲು ಈಗ ಹೆದರುವ
ತಮ್ಮ ವಿಶ್ವಾಸಿ,
ದರ್ಜಿ

ಮರೆತ ಮಾತು: ಅಮ್ಮ ಬೆಳಗಿನಿಂದ ತಮ್ಮ ಬಗ್ಗೆ ಒಂದೇ ಸಮನೆ ಏನೋ ಹೇಳುತ್ತಿದ್ದಾರೆ. ಸದ್ಯ ಅದು ಮಗನಾದ ನನಗೊಬ್ಬನಿಗೇ ಅರ್ಥವಾಗುತ್ತಿದೆ. ಹಲ್ಲು ಬಂದ ದಿನ ಇಡೀ ಬೀದಿಗೆ ಅರ್ಥವಾಗುತ್ತದೆ. ತಾವು ತನಿಖೆಯನ್ನು ಏಕೆ ಎಳೆಯುತ್ತಿದ್ದೀರೆಂದು ಈಗ ತಿಳಿಯಿತು.