ಅಕ್ಕನ ಕಾರಿಗೆ ವ್ಯಾಕ್ಸ್ ಹಚ್ಚಿದ್ದು

ಕಾರಣ ಹೇಳದೆ ಯಾರಾದರೂ ‘ಬೇಡ’ ಎಂದರೆ ಅದನ್ನು ಮಾಡದೆ ಸುಮ್ಮನಿರುವುದು ನನಗೆ ಈವರೆಗೆ ಸಾಧ್ಯವಾಗಿಲ್ಲ. ಮನೆಯವರು ಇದನ್ನು ಹಠ ಎನ್ನುತ್ತಾರೆ. ಹಠವಲ್ಲ, ಮಾಡಿದರೆ ಏನಾಗುತ್ತದೆಂದು ತಿಳಿಯುವ ಆಸೆ, ಅಷ್ಟೇ. ಮದುವೆಯಾದ ಹೊಸದರಲ್ಲಿ ಮಾವನ ಮನೆಯ ಅಡುಗೆಮನೆಗೆ ಹೋಗಿ, ಬುಸುಗುಡುತ್ತಿದ್ದ ಕುಕ್ಕರಿನ ತಲೆಯ ಮೇಲಿನ ಗುಂಡನ್ನು ಎತ್ತಿಬಿಟ್ಟಿದ್ದೆ. ‘ಎತ್ತಬೇಡಿ’ ಎಂದು ಅತ್ತೆ ಹೇಳಿದ್ದು ನಿಜ, ಆದರೆ ಏಕೆಂದು ಹೇಳಿರಲಿಲ್ಲ. ಆ ಅಡುಗೆಮನೆಯ ಚಾವಣಿಯಲ್ಲಿ ತೊಗರಿಬೇಳೆಯ ಗುರುತು ಇವತ್ತಿಗೂ ಇದೆ, ಸುಣ್ಣ ಬಳಿಸಿದಾಗಲೆಲ್ಲ ನನ್ನ ನೆನಪು ಮಾಡಿಕೊಳ್ಳುತ್ತಾರಂತೆ. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿದ ಮೇಲೆ ನನ್ನ ಈ ಚಾಳಿಗೆ ‘ವೈಜ್ಞಾನಿಕ ಮನೋಭಾವ’ ಎಂಬ ಮರ್ಯಾದೆಯ ಹೆಸರು ಬಂತು. ಹೆಸರು ಬದಲಾದರೂ ಅಪಾಯ ಕಡಿಮೆಯಾಗಲಿಲ್ಲವೆಂಬುದಕ್ಕೆ ಈ ಬೇಸಿಗೆ ರಜೆಯಲ್ಲಿ ನಡೆದದ್ದೇ ಸಾಕ್ಷಿ.

ನನ್ನ ಅಕ್ಕ ಹೊಳೆನರಸೀಪುರದಲ್ಲಿ ಡಾಕ್ಟರಾಗಿದ್ದವಳು. ಆ ಊರಿನ ಅರ್ಧಕ್ಕರ್ಧ ಜನ ಅವಳ ಕೈಮೇಲೆಯೇ ಹುಟ್ಟಿದವರು. ನಿವೃತ್ತಿಯಾದಾಗ ಎಲ್ಲರೂ ಅವಳು ಕಾಶಿಗೆ ಹೋಗಬಹುದು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂರಬಹುದು ಎಂದುಕೊಂಡಿದ್ದರು. ಅವಳು ಸಕಲೇಶಪುರದ ಕಡೆಯ ಎಸ್ಟೇಟಿನವರೊಬ್ಬರಿಂದ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡು ತಂದಳು. ನೆಲಕ್ಕೆ ಕಚ್ಚಿಕೊಂಡಂತಿರುವ ಅದರೊಳಗೆ ಕೂರುವುದೆಂದರೆ ಮಣೆಯ ಮೇಲೆ ಊಟಕ್ಕೆ ಕೂತಂತೆ. ವೇಗವಾಗಿ ಬಂದಳೆಂದು ಒಮ್ಮೆ ಪೊಲೀಸಿನವನೊಬ್ಬ ತಡೆದನಂತೆ. ಇವಳು ಗಾಜು ಇಳಿಸಿ, “ನೀನು ರತ್ನಮ್ಮನ ಎರಡನೆಯವನಲ್ಲವೇನೋ? ಹುಟ್ಟುವಾಗ ಏನು ಅವಸರ ಮಾಡಿದ್ದೆ ಗೊತ್ತಾ!” ಎಂದಳಂತೆ. ಅವನು ಸೆಲ್ಯೂಟ್ ಹೊಡೆದು ದಾರಿ ಬಿಟ್ಟ.

ಗೆಳತಿಯರೊಡನೆ ಹಿಮಾಲಯದ ಕಡೆ ಹೊರಟಾಗ ಅವಳ ಮನೆಯಂಗಳದಲ್ಲಿ ಕಲ್ಲುಚಪ್ಪಡಿ ಹಾಸುವ ಕೆಲಸ ನಡೆದಿತ್ತು. ಹಾಗಾಗಿ ಎರಡು ವಾರದ ಮಟ್ಟಿಗೆ ಕಾರನ್ನು ನಮ್ಮ ಮನೆಯ ಪೋರ್ಟಿಕೋದಲ್ಲಿ ತಂದು ನಿಲ್ಲಿಸಿದಳು. ಕೀಲಿಕೈ ಕೊಡುತ್ತಾ, “ಲೋ ಸೀನ, ಎರಡು ದಿನಕ್ಕೊಂದು ಸಲ ಐದು ನಿಮಿಷ ಎಂಜಿನ್ ಓಡಿಸು. ಧೂಳು ಕೂತರೆ ಕೂತುಕೊಳ್ಳಲಿ. ಒರೆಸಬೇಡ” ಎಂದಳು.

“ಯಾಕೆ?” ಎಂದೆ.

“ಪ್ರಶ್ನೆ ಕೇಳಬೇಡ. ಒರೆಸಬೇಡ, ಅಷ್ಟೇ” ಎಂದು ಆಟೋ ಹತ್ತಿದಳು.

ಧೂಳನ್ನು ಒರೆಸಬಾರದೆಂದರೆ ಇನ್ನೇನನ್ನು ಒರೆಸಬೇಕು? ಮೂರು ದಿನ ಹೇಗೋ ತಡೆದುಕೊಂಡೆ. ನಮ್ಮ ಬೀದಿಯಲ್ಲಿ ಚರಂಡಿಗೆಂದು ಅಗೆಯುತ್ತಿದ್ದರಿಂದ ನಾಲ್ಕನೇ ದಿನಕ್ಕೆ ಕಾರು ರಾಗಿಹಿಟ್ಟಿನಲ್ಲಿ ಹೊರಳಾಡಿದಂತೆ ಕಾಣುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನೇ ನೋಡುತ್ತಿದ್ದವನಿಗೆ ಒಂದು ಯೋಚನೆ ಬಂತು. ಅಂಗೈಯಗಲದ ಜಾಗ ಮಾತ್ರ ಒರೆಸಿ ನೋಡಿದರೆ ಹೇಗೆ? ಪ್ರಯೋಗವೆಂದರೆ ಹಾಗೆಯೇ ತಾನೆ, ಚಿಕ್ಕದಾಗಿ ಆರಂಭಿಸಬೇಕು. ನನ್ನ ಹೆಂಡತಿ ಪದ್ಮಳ ಹಳೆಯ ನೂಲಿನ ಸೀರೆಯ ತುಂಡೊಂದು ಸಿಕ್ಕಿತು, ಒಗೆದೊಗೆದು ಬೆಣ್ಣೆಯಂತಾಗಿತ್ತು. ಬಾನೆಟ್ಟಿನ ಮೂಲೆಯಲ್ಲಿ ಅಂಗೈಯಗಲ ಒರೆಸಿದೆ. ಒಳಗಿನಿಂದ ದಾಸವಾಳದಂಥ ಕೆಂಪು ಹೊರಬಂತು. ಏನೂ ಅನಾಹುತವಾಗಲಿಲ್ಲ. ಆದರೆ ಆ ಒಂದು ಜಾಗ ಎದ್ದು ಕಾಣುತ್ತಿತ್ತು, ಯಾರು ನೋಡಿದರೂ ಒರೆಸಿದ್ದು ಗೊತ್ತಾಗುತ್ತಿತ್ತು. ಅದು ಗೊತ್ತಾಗದಿರಲಿ ಎಂದು ಇಡೀ ಬಾನೆಟ್ ಒರೆಸಿದೆ. ಆಮೇಲೆ ಬಾನೆಟ್ ಎದ್ದು ಕಂಡಿತು. ಇಡೀ ಕಾರನ್ನು ಒರೆಸಿದೆ. ಒರೆಸಿದ ಮೇಲೂ ಅಲ್ಲಲ್ಲಿ ಕಲೆ ಉಳಿದಿದ್ದರಿಂದ ಒಂದು ಬಕೆಟ್ ನೀರು, ಪಾತ್ರೆ ತೊಳೆಯುವ ಸೋಪು ಮತ್ತು ಸ್ಕ್ರಬ್ಬರ್ ತಂದು ಉಜ್ಜಿದೆ. ಸ್ಕ್ರಬ್ಬರಿನ ಮೆತ್ತನೆಯ ಮಗ್ಗುಲಿನಿಂದಲೇ ಉಜ್ಜಿದೆನೆಂಬುದನ್ನು ನನ್ನ ಪರವಾಗಿ ಇಲ್ಲಿ ದಾಖಲಿಸುತ್ತೇನೆ.

ಮರುದಿನ ಎಳೆಬಿಸಿಲು ಓರೆಯಾಗಿ ಪೋರ್ಟಿಕೋಗೆ ಬಿದ್ದಾಗ ಬಗ್ಗಿ ನೋಡಿದೆ. ಬಾನೆಟ್ಟಿನ ತುಂಬ ಸುತ್ತುಸುತ್ತಾಗಿ ಕೂದಲೆಳೆಯಂಥ ಗೀರುಗಳು. ಕಾರಿನ ಮೇಲೆ ಜೇಡ ಬಲೆ ಹೆಣೆದಂತಿತ್ತು. ಪದ್ಮ ಹೊರಗೆ ಬಂದು ನೋಡಿದಳು.

“ರೀ, ಇದನ್ನ ನೀವೇ ಮಾಡಿದ್ದಾ?”

“ಬೆಳಕಿನ ಚದುರುವಿಕೆಯಿಂದ ಹಾಗೆ ಕಾಣುತ್ತೆ” ಎಂದೆ.

“ಅಕ್ಕನಿಗೂ ಹಾಗೇ ಹೇಳಿ” ಎಂದು ಒಳಗೆ ಹೋದಳು. ಸೀರೆಯ ತುಂಡನ್ನು ಮಾತ್ರ ಕೈಯಿಂದ ಕಿತ್ತುಕೊಂಡು ಹೋದಳು.

ನಮ್ಮ ಕಾಲೇಜಿನ ಅಟೆಂಡರು ಅರಕಲಗೂಡಿನ ಪುಟ್ಟಸ್ವಾಮಿ. ಕಾರು, ಬಾಡಿಗೆ ಮನೆ, ಹಲ್ಲುನೋವು, ಯಾವುದಕ್ಕಾದರೂ ಅವನ ಬಳಿ ಒಂದು ವಿಳಾಸವಿರುತ್ತದೆ. ಫೋನು ಮಾಡಿದೆ. “ಅದ್ಕೇನ್ ಸಾ, ಪಟ್ಣಕ್ಕೆ ಓಗಿ. ಬಾಗೂರು ರೋಡಲ್ಲಿ ರಂಗೇಗೌಡ್ರ ಶೆಡ್ ಐತೆ. ಆವಯ್ಯ ಕೈ ಇಟ್ರೆ ಕಾರ್ನಾಗೆ ಮುಖ ನೋಡ್ಕಂಡು ಗಡ್ಡ ಕೆರ್ಕಬೋದು” ಎಂದ. ಪಟ್ಣ ಎಂದರೆ ನಮ್ಮ ಕಡೆ ಚನ್ನರಾಯಪಟ್ಟಣ. ಹಾಗೆ ಆ ಕಾರನ್ನು ಓಡಿಸುವ ಪ್ರಸಂಗವೂ ಒದಗಿತು. ಹೆದ್ದಾರಿಯಲ್ಲಿ ಲಾರಿಯ ಚಕ್ರದ ನಟ್ಟುಗಳು ನನ್ನ ಕಿವಿಯ ಮಟ್ಟಕ್ಕೆ ತಿರುಗುತ್ತಿದ್ದವು. ಬಸ್ಸಿನವರು ಕಿಟಕಿಯಿಂದ ಬಗ್ಗಿ, ಬಾವಿಯೊಳಗೆ ಇಣುಕುವಂತೆ ನನ್ನನ್ನು ನೋಡಿದರು. ಪ್ರತಿಯೊಂದು ರಸ್ತೆಯುಬ್ಬಿಗೂ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ, ಅದರಿಂದ ಕಾರು ಮೇಲೇಳುತ್ತದೆಯೋ ಎಂಬಂತೆ.

ರಂಗೇಗೌಡರು ಅರವತ್ತರ ಹತ್ತಿರದವರು. ತೆಂಗಿನಕಾಯಿ ಒಣಹಾಕುತ್ತಿದ್ದ ಶೆಡ್ಡನ್ನೇ ಕಾರಿನ ಆಸ್ಪತ್ರೆ ಮಾಡಿಕೊಂಡಿದ್ದರು. ಕಾರನ್ನು ಕಂಡದ್ದೇ ಎದ್ದು ನಿಂತರು. ಅದನ್ನೊಂದು ಸುತ್ತು ಹಾಕಿ, ಬಗ್ಗಿ, ಟಾರ್ಚು ಬಿಟ್ಟು ನೋಡಿ, “ಇದೇನ್ ಸಾ, ಕಾರ್ ಒರೆಸುದ್ರಾ, ಪಾತ್ರೆ ಬೆಳಗುದ್ರಾ?” ಎಂದರು.

“ಮೆತ್ತನೆ ಬಟ್ಟೆಯಲ್ಲೇ ಒರೆಸಿದ್ದು ಗೌಡರೇ.”

“ಬಟ್ಟೆ ಮೆತ್ತಗಿದ್ರೆ ಏನ್ ಬಂತು? ಧೂಳು ಅಂದ್ರೆ ಏನಂದ್ಕಂಡಿದೀರಿ? ಸಣ್ ಸಣ್ ಕಲ್ಲು ಕಣ್ ಸಾ. ಕಲ್ಲ ಬಟ್ಟೇಲಿ ಕಟ್ಕಂಡು ಉಜ್ಜಿದೀರಿ.”

ಅಕ್ಕ ಹೇಳದೆ ಹೋದ ಕಾರಣ ಇಷ್ಟೇ. ಎರಡು ವಾಕ್ಯ. ಆಟೋ ಹತ್ತುವ ಮೊದಲು ಈ ಎರಡು ವಾಕ್ಯ ಹೇಳಿದ್ದರೆ ಏನಾಗುತ್ತಿತ್ತು!

ಬುದ್ಧಿಯಿದ್ದವರು ಯಾರಾದರೂ ಅಲ್ಲಿಯೇ ಕಾರು ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು. ನಾನು, “ಈ ಗೀರನ್ನು ನೀವು ತುಂಬಿಸುವುದು ಹೇಗೆ?” ಎಂದು ಕೇಳಿದೆ. ಗೌಡರು ನನ್ನನ್ನೊಮ್ಮೆ ನೋಡಿ ಕೆಮ್ಮಿದರು. “ತುಂಬ್ಸೋದಲ್ಲ ಸಾ. ಗೀರು ಎಲ್ಗೂ ಓಗಕ್ಕಿಲ್ಲ. ಸುತ್ತ ಇರೋ ಬಣ್ಣಾನೇ ಗೀರಿನ ಮಟ್ಟಕ್ಕೆ ಇಳಿಸ್ಬುಡ್ತೀವಿ. ಸಮ ಆದ್ಮ್ಯಾಕೆ ಗೀರೆಲ್ಲೈತೆ?” ಎಂದರು. ನಾನು ದಂಗಾದೆ. ಇಷ್ಟು ವರ್ಷ ಬೆಳಕಿನ ಪ್ರತಿಫಲನವನ್ನು ಬೋರ್ಡಿನ ಮೇಲೆ ಬರೆದು ಅಳಿಸಿದವನು ನಾನು. ಹೊಳಪೆಂದರೆ ಹೊರಗಿನಿಂದ ತಂದು ಬಳಿಯುವ ವಸ್ತು ಎಂದೇ ಒಳಗೊಳಗೆ ನಂಬಿದ್ದೆನಲ್ಲ! ಹೊಳಪೆಂದರೆ ಬರೀ ಸಮತಟ್ಟು. “ಅಂಗಂತ ಮನಸ್ಸಿಗೆ ಬಂದಂಗೆಲ್ಲ ಮಾಡಕ್ಕಾಗಕ್ಕಿಲ್ಲ. ಮ್ಯಾಲಿನ ಪದರ ಈರುಳ್ಳಿ ಸಿಪ್ಪೆಗಿಂತ ತೆಳ್ಳಗದೆ. ಪ್ರತಿ ಸಲಾನೂ ವಸಿ ತಿಂದೋಯ್ತದೆ. ಒಂದು ಕಾರಿನ ಆಯಸ್ಸಿಗೆ ನಾಕೈದು ಸಲ, ಅಷ್ಟೇಯಾ” ಎಂದರು ಗೌಡರು.

ಆಗ ಮೊದಲ ಬಾರಿಗೆ ನನಗೆ ನಿಜವಾಗಿ ಸಂಕಟವಾಯಿತು. ಅಲ್ಲಿಯವರೆಗೆ ಬೈಸಿಕೊಳ್ಳುವ ಭಯ ಮಾತ್ರವಿತ್ತು. ಮೂವತ್ತು ವರ್ಷ ಹಗಲು ರಾತ್ರಿಯೆನ್ನದೆ ಹೆರಿಗೆ ಮಾಡಿಸಿದ ಅಕ್ಕ ತನಗೆಂದು ಕೊಂಡ ವಸ್ತು ಇದೊಂದೇ. ಅದರ ನಾಲ್ಕೈದು ಹೊಳಪುಗಳಲ್ಲಿ ಒಂದನ್ನು ನಾನು ಒಂದು ಬೆಳಿಗ್ಗೆ ಕಾಫಿಯ ಜೊತೆ ಮುಗಿಸಿದ್ದೆ.

“ನಾನೇ ಕೈಯಾರೆ ಸರಿಮಾಡಬಹುದೇ? ನೀವು ಹೇಳಿಕೊಟ್ಟರೆ?” ಎಂದೆ. ಗೌಡರು ತಲೆ ಕೆರೆದುಕೊಂಡು, “ನಾಳೆ ಬನ್ನಿ, ನೋಡಾಣ” ಎಂದರು. ಮರುದಿನ ಹೋದಾಗ, “ಸರಿ, ನೀವೇ ಮಾಡಿ. ಎಲ್ಲಾನೂ ನೀವೇ ಮಾಡ್ಬೇಕು” ಎಂದು ಒಪ್ಪಿದರು. ನನ್ನ ಜಿಜ್ಞಾಸೆಗೆ ಅವರು ಮನಸೋತರೆಂದು ನಾನು ಉಬ್ಬಿಹೋದೆ.

ಮೊದಲ ದಿನ ಗುಜರಿಯ ಹಳೆಯ ಬಾನೆಟ್ಟೊಂದನ್ನು ಕೊಟ್ಟು ಅದರ ಮೇಲೆ ಕೈ ಪಳಗಿಸಿದರು. ಎರಡನೇ ದಿನ ಅಕ್ಕನ ಕಾರು. ಮೊದಲು ನೀರನ್ನು ಮಳೆಯಂತೆ ಹಾಯಿಸಿ ಧೂಳನ್ನು ತಾನಾಗಿಯೇ ಜಾರಿಹೋಗಲು ಬಿಡಬೇಕು. ಆಮೇಲೆ ಎರಡು ಬಕೆಟ್ಟು, ಒಂದರಲ್ಲಿ ಸೋಪುನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಸುತ್ತುಸುತ್ತಾಗಿ ಉಜ್ಜಬಾರದು, ನೇರಗೆರೆಯಲ್ಲಿ ಎಳೆಯಬೇಕು. ಒಣಗಿಸುವಾಗ ಟವೆಲ್ಲನ್ನು ಮಗುವಿನ ಮೈಗೆ ಒತ್ತಿದಂತೆ ಒತ್ತಿ ತೆಗೆಯಬೇಕು. ಇಷ್ಟಾದ ಮೇಲೆ ಗೌಡರು ನನ್ನ ಕೈಗೊಂದು ತೆಳುವಾದ ಪ್ಲಾಸ್ಟಿಕ್ ಕವರು ಹಾಕಿ, “ಈಗ ಸವರಿ ನೋಡಿ” ಎಂದರು. ಬರಿಗೈಗೆ ನುಣುಪಾಗಿದ್ದ ಬಣ್ಣ ಕವರಿನೊಳಗಿನ ಬೆರಳಿಗೆ ಮರಳುಕಾಗದದಂತೆ ತಾಗಿತು! ಹತ್ತು ಸಲ ಕವರು ತೆಗೆದು ಹಾಕಿ ಸವರಿ ಸವರಿ ನೋಡಿದೆ. “ಸಾ, ಕಾರ್ ಓಡೋಗಕ್ಕಿಲ್ಲ, ಆದ್ರೆ ಒತ್ತು ಓಯ್ತದೆ” ಎಂದು ಗೌಡರು ಎಚ್ಚರಿಸಿದರು. ತೊಳೆದರೂ ಹೋಗದೆ ಬಣ್ಣಕ್ಕೆ ಅಂಟಿಕೂತಿದ್ದ ಕಸವನ್ನು ಕಣಕದಂಥ ಜೇಡಿಮಣ್ಣಿನ ಮುದ್ದೆಯೊಂದನ್ನು ಜಾರಿಸಿ ಜಾರಿಸಿ ತೆಗೆದೆ. ನುಣ್ಣಗಿದ್ದ ಮುದ್ದೆ ಕಂದು ಬಣ್ಣಕ್ಕೆ ತಿರುಗಿತು.

ಆಮೇಲೆ ಸ್ಪಂಜು ತಿರುಗುವ ಮಷೀನು. ಬಿಳಿ ಪೇಸ್ಟು ಹಚ್ಚಿ ಬಣ್ಣದ ಮೇಲಿಟ್ಟರೆ ಅದು ಕಟ್ಟು ಬಿಚ್ಚಿದ ಹೋರಿಕರುವಿನಂತೆ ತನ್ನ ಪಾಡಿಗೆ ಓಡುತ್ತದೆ. “ಒತ್ತಬ್ಯಾಡಿ ಸಾ, ನಡೆಸ್ಕಂಡು ಓಗಿ” ಎಂದು ಗೌಡರು ಸ್ಟೂಲಿನ ಮೇಲೆ ಕೂತು ಹೇಳುತ್ತಲೇ ಇದ್ದರು. ಎಳ್ಳಷ್ಟೂ ಕೈ ಹಚ್ಚಲಿಲ್ಲ. ಕತ್ತಲೆ ಮಾಡಿ ಟಾರ್ಚು ಬಿಟ್ಟಾಗ ಗೀರುಗಳ ಬಲೆ ಒಂದೊಂದೇ ಅಂಗೈಯಗಲ ಮಾಯವಾಗುತ್ತಿತ್ತು. ನನ್ನ ಬೆನ್ನು ಮಾತ್ರ ನೇರವಾಗಲು ಒಪ್ಪುತ್ತಿರಲಿಲ್ಲ. ಕೊನೆಗೆ ವ್ಯಾಕ್ಸು. ಎಷ್ಟು ತೆಳುವಾಗಿ ಹಚ್ಚಬೇಕೆಂದರೆ ಹಚ್ಚಿದ್ದೇವೋ ಇಲ್ಲವೋ ಎಂದು ಅನುಮಾನ ಬರಬೇಕು. ಮಂಜು ಕವಿದಂತಾದ ಮೇಲೆ ಒರೆಸಿದರೆ, ಅಬ್ಬಾ, ಕೆಂಪಿನೊಳಗೆ ಇಡೀ ಶೆಡ್ಡು ತಲೆಕೆಳಗಾಗಿ ನಿಂತಿತ್ತು. ಮೇಲೆರಚಿದ ನೀರು ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿತು.

ನಡುವೆ ಇನ್ನೊಂದು ಸಂಗತಿ ನಡೆಯಿತು. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವೊಂದು ಗೌಡರಲ್ಲಿತ್ತು. ಕಂಡಮೇಲೆ ಬಿಡುವುದುಂಟೇ? ಕಾರಿನ ಮೈಮೇಲೆಲ್ಲ ಅದನ್ನು ಇಟ್ಟು ನೋಡಿದೆ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ದಪ್ಪ, ಎಡಬಾಗಿಲಿನಲ್ಲಿ ಮಾತ್ರ ಎರಡರಷ್ಟು.

“ಗೌಡರೇ, ಇದ್ಯಾಕೆ ಹೀಗೆ?”

“ಅದ್ಕೆ ಇನ್ನೊಂದ್ಸಲ ಬಣ್ಣ ಒಡ್ದದೆ.”

“ಯಾರು ಹೊಡೆದದ್ದು?”

ಗೌಡರು ಬಾಗಿಲನ್ನೇ ನೋಡುತ್ತಾ ಮೀಸೆಯೊಳಗೆ ನಕ್ಕರು. “ಯಾರೋ, ಚೆಂದಾಗಿ ಒಡ್ದವ್ನೆ. ಅಲ್ವಾ ಸಾ?”

ನನಗೆ ಎಲ್ಲ ಅರ್ಥವಾಯಿತು. ಅಕ್ಕ ಎಲ್ಲೋ ಕಾರನ್ನು ತಾಗಿಸಿ, ಯಾರಿಗೂ ಹೇಳದೆ ಇಲ್ಲಿಗೇ ತಂದು ಬಣ್ಣ ಹೊಡೆಸಿದ್ದಾಳೆ. ಚಿಕ್ಕಂದಿನಿಂದ ಒಂದು ತಪ್ಪನ್ನೂ ಒಪ್ಪದ ಅಕ್ಕ! ಹಾಸನಕ್ಕೆ ವಾಪಸು ಬರುವಾಗ ಕಾರಿಗಿಂತ ನಾನೇ ಹೆಚ್ಚು ಹೊಳೆಯುತ್ತಿದ್ದೆ.

ಅಕ್ಕ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಕಾರಿನ ಸುತ್ತ ನಿಧಾನವಾಗಿ ನಡೆದಳು. ಬಾನೆಟ್ಟಿನ ಮೇಲೆ ಬೆರಳ ಹಿಂಬದಿ ಜಾರಿಸಿದಳು.

“ಮುಟ್ಟಲಿಲ್ಲ ತಾನೆ?”

“ಇಲ್ಲಪ್ಪ” ಎಂದೆ.

“ಎರಡನೇ ದಿನ ಹಿಂದಿನ ಚಕ್ರದ ಹತ್ತಿರ ಸ್ವಲ್ಪ ಅವಸರ ಮಾಡಿದೆಯಂತೆ. ಉಳಿದದ್ದೆಲ್ಲ ಚೆನ್ನಾಗಿ ಮಾಡಿದ್ದೀಯಂತೆ.”

“ನಿನಗೆ ಯಾರು ಹೇಳಿದ್ದು?” ಎಂದೆ. “ನೀನು ಹೋದ ದಿನವೇ ಗೌಡರು ಫೋನ್ ಮಾಡಿದ್ದರು. ಕಾರಿನ ಗುರುತು ಹತ್ತದೇ ಇರತ್ತಾ ಅವರಿಗೆ? ‘ಅವನ ಕೈಯಲ್ಲೇ ಪೂರ್ತಿ ಮಾಡಿಸಿ, ನೀವು ಕೈ ಹಚ್ಚಬೇಡಿ, ಬೆನ್ನು ಮುರಿಯಲಿ’ ಅಂತ ನಾನೇ ಹೇಳಿದೆ” ಎಂದಳು ಅಕ್ಕ. ನಾನು ವಿದ್ಯೆಯೆಂದು ಸ್ವೀಕರಿಸಿದ್ದು ಶಿಕ್ಷೆಯಾಗಿತ್ತು! ಒರೆಸಿದ್ದು, ಉಜ್ಜಿದ್ದು ಎಲ್ಲವನ್ನೂ ಒಪ್ಪಿಕೊಂಡೆ. ಒಂದು ಹೊಳಪನ್ನು ಕಳೆದುಬಿಟ್ಟೆ ಕಣಕ್ಕ ಎಂದೆ. “ಹೋಗಲಿ ಬಿಡೋ, ಇನ್ನೂ ಇದೆಯಲ್ಲ” ಎಂದಳು. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಆದರೆ ನನ್ನ ಕೈಯಲ್ಲೊಂದು ಅಸ್ತ್ರ ಉಳಿದಿತ್ತಲ್ಲ.

“ಅದು ಸರಿ, ಎಡಬಾಗಿಲನ್ನ ಎಲ್ಲಿ ಉಜ್ಜಿಸಿಕೊಂಡು ಬಂದೆ?” ಎಂದು ಹುಬ್ಬೇರಿಸಿದೆ.

ಅಕ್ಕ ಗೇಟಿನ ಕಡೆ ಕೈ ತೋರಿಸಿ ಹೇಳಿದಳು: “ಇಲ್ಲೇ ಕಣೋ, ನಿಮ್ಮನೆ ಗೇಟಿಗೆ. ಯುಗಾದಿ ದಿನ ನಾನು ರಿವರ್ಸ್ ತೆಗೆಯುವಾಗ ನೀನು ಹಿಂದೆ ನಿಂತುಕೊಂಡು ‘ಬಾ ಬಾ, ಬೇಕಾದಷ್ಟು ಜಾಗ ಇದೆ’ ಅಂತ ಕೈ ಬೀಸ್ತಿದ್ದೆ ನೋಡು, ಆಗ. ನೀನು ‘ರೈಟ್ ರೈಟ್’ ಅಂತ ಕೂಗ್ತಿದ್ದ ಗದ್ದಲದಲ್ಲಿ ಆ ಶಬ್ದ ನಿನಗೇ ಕೇಳಿಸಲಿಲ್ಲ. ಹಬ್ಬದ ದಿನ ಬೇಜಾರು ಮಾಡಿಕೊಳ್ತೀಯ ಅಂತ ಹೇಳಲಿಲ್ಲ.”

ಹೋಗಿ ಗೇಟು ನೋಡಿದೆ. ಹೊರಚಾಚಿದ ಅಗುಳಿಯ ತುದಿಯಲ್ಲಿ ಬೆರಳುದ್ದದ ಕೆಂಪು ಗೆರೆ, ದಾಸವಾಳದ ಕೆಂಪು. ಪದ್ಮ ಕಾಫಿ ಲೋಟ ಹಿಡಿದು ಬಂದು ಬಗ್ಗಿ ನೋಡಿದಳು.

“ಅದಾ? ಯುಗಾದಿಯಿಂದಲೂ ಇದೆಯಲ್ಲ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ” ಎಂದಳು.

ಇಷ್ಟು ದಿನವೂ ದಿನಕ್ಕೆ ನಾಲ್ಕು ಸಲ ಆ ಅಗುಳಿಯನ್ನು ಎಳೆದು ಹಾಕುತ್ತಿದ್ದವನು ನಾನೇ.