ಮನಿಮಂದಿ ದುಡಿಮಿ

ಅಂದು ಹುಲಗೇಶ ಸುಮ್ಮನೆ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದರೆ ಉಪ್ಪಿನಬೆಟಗೇರಿಯ ಒಂದು ಓಣಿಯ ಗಂಡಸರೆಲ್ಲ ಹಸಿದು ಕೂಡಬೇಕಾಗಿರಲಿಲ್ಲ.

ಧಾರವಾಡದಲ್ಲಿ ಕೃಷಿ ಅರ್ಥಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಅವನ ಪ್ರಬಂಧದ ವಿಷಯ, ಮೆಣಸಿನಕಾಯಿ ಬೆಳೆಯಲು ರೈತರಿಗೆ ತಗಲುವ ಖರ್ಚು. ಮುಂಜಾನೆಯೇ ಲಕ್ಕಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಬೀಜ, ಗೊಬ್ಬರ, ಔಷಧ, ಬ್ಯಾಂಕಿನ ಬಡ್ಡಿ ಎಲ್ಲ ಬರೆದುಕೊಂಡ.

"ಇನ್ನ ಮನಿಮಂದಿ ದುಡಿಮಿ ಹೇಳ್ರಿ ಕಾಕಾ. ಕಾಕೂ ಹೊಲದಾಗ ಎಷ್ಟು ದುಡೀತಾರ?"

"ಅಕೀದೇನ್ ಬರಕೋತಿ ಬಿಡೋ ತಮ್ಮಾ. ಮನ್ಯಾಕಿ. ಪುಕ್ಕಟ."

"ಹಂಗಲ್ರಿ. ಅವರ ಬದಲಿ ಆಳು ಹಚ್ಚಿದ್ರ ಪಗಾರ ಕೊಡ್ತಿದ್ರಿಲ್ಲೋ? ಅಷ್ಟನ್ನ ಕಾಕೂ ಹೆಸರಿಗೆ ಹಿಡೀಬೇಕ್ರಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಗಕ್ಕನೆ ನಿಂತಿತು. ಲಕ್ಕಪ್ಪನ ಹೆಂಡತಿ ರುಕ್ಮವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನಂದಿ ತಮ್ಮಾ? ಇನ್ನೊಮ್ಮಿ ಹೇಳು."

ಹುಲಗೇಶ ಹೇಳಿದ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನೆಲ್ಲ ಉದಾಹರಣೆ ಸಮೇತ ಹೇಳಿದ. ರುಕ್ಮವ್ವ ಕೇಳಿಸಿಕೊಂಡು ಒಳಗೆ ಹೋಗಿ ಒಲೆ ಆರಿಸಿ ಬಂದಳು. "ಶ್ಯಾಣ್ಯಾರು ಹೇಳಾಕತ್ತಾರ, ಕೇಳಿದ್ರಿಲ್ಲೋ? ಇಷ್ಟು ವರ್ಷದ ಪಗಾರ ಕೊಡ್ರಿ, ಆಮ್ಯಾಲೆ ರೊಟ್ಟಿ," ಎಂದು ಗಂಡನ ಎದುರಿಗೇ ಕಾಲು ಚಾಚಿ ಕೂತಳು.

ಪಕ್ಕದ ಮನೆಯ ಮುರಿಗೆವ್ವ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹರಿದ ಚೀಲದಿಂದ ಒಣಮೆಣಸಿನಕಾಯಿ ಚೆಲ್ಲಿದ ಹಾಗೆ ಸುದ್ದಿ ಓಣಿಯ ತುಂಬ ಚೆಲ್ಲಿತು. ಹೆಂಗಸರು ಕಟ್ಟೆಯ ಸುತ್ತ ನೆರೆದರು.

"ಸಗಣಿ ಬಳದಿದ್ದು ಹಿಡೀತೀಯೇನು?"

"ಅದು ಹೈನದ ಲೆಕ್ಕದಾಗ ಬರ್ತೈತ್ರಿ."

"ಇವರು ಗುಡಿ ಕಟ್ಟಿ ಮ್ಯಾಲೆ ಕುಂತು ಇಸ್ಪೀಟ ಆಡಿದ್ದು?"

"ಅದು ದುಡಿಮ್ಯಾಗ ಬರಂಗಿಲ್ರಿ."

ಆ ನಗೆಗೆ ಸೂರಿನ ಪಾರಿವಾಳಗಳೆಲ್ಲ ಹಾರಿಹೋದವು. ಹುಲಗೇಶನ ಎದೆ ಉಬ್ಬಿತು. ಸೆಮಿನಾರಿನಲ್ಲಿ ಅವನು ಮಾತಾಡಿದರೆ ಮುಂದಿನ ಸಾಲಿನವರೇ ತೂಕಡಿಸುತ್ತಿದ್ದರು. ಇಲ್ಲಿ ಯಾರೂ ಕಣ್ಣು ಮಿಟುಕಿಸಲಿಲ್ಲ.

ಮಧ್ಯಾಹ್ನ ಹೊಲದಿಂದ ಬಂದ ಗಂಡಸರಿಗೆ ಮನೆಮನೆಯಲ್ಲೂ ತಣ್ಣಗಿನ ಒಲೆ ಕಂಡಿತು. ಎಲ್ಲರೂ ಕಟ್ಟೆಗೆ ಬಂದರು.

"ಏ ತಮ್ಮಾ, ಎಂಥಾ ಶಾಸ್ತ್ರ ತಂದಿಯೋ ನಮ್ಮೂರಿಗೆ? ಲಗೂನ ಇದನ್ನ ಬಗಿಹರಸು!"

ಹುಲಗೇಶ ಬರೆದುಕೊಂಡ ಕಾಗದ ಎತ್ತಿ ತೋರಿಸಿದ. "ಇದು ಬರೇ ಹಾಳ್ಯಾಗಿನ ಲೆಕ್ಕರೀ! ಖರೇ ಖರೇ ಕೊಡೂದಲ್ರಿ!"

ಈಗ ಹೆಂಗಸರು ಎದ್ದು ನಿಂತರು. "ಹೌದಾ? ಹಂಗಾರ ಅವ್ರಿಗೂ ಹಾಳ್ಯಾಗಿನ ರೊಟ್ಟಿ ತಿನ್ನಾಕ ಹೇಳು!" ಎಂದಳು ರುಕ್ಮವ್ವ.

ಕೊನೆಗೆ ಹಸಿವು ತಾಳದೆ ಲಕ್ಕಪ್ಪನೇ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತ. ಹೆಂಡತಿ ಬಾಗಿಲಲ್ಲಿ ನಿಂತು, "ನೀರು ಹೆಚ್ಚಾತು, ಹಿಟ್ಟು ಹೆಚ್ಚಾತು," ಎನ್ನುತ್ತ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಂದ ರೊಟ್ಟಿ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ, ನಡುವೆ ಬೆಟ್ಟ.

"ಮೊದಲನೇದ್ದು ನೀನ ತಿನ್ನು!" ಎಂದು ಲಕ್ಕಪ್ಪ ರೊಟ್ಟಿ ಹಿಡಿದು ಬಂದ. ಗಂಡಸರು ಅವನ ಹಿಂದೆ. ಹುಲಗೇಶ ಚೀಲ ಬಗಲಿಗೆ ಹಾಕಿಕೊಂಡು, ಹಗ್ಗ ಹರಿದುಕೊಂಡ ಕರುವಿನಂತೆ ಓಡಿ, ಹೊರಟಿದ್ದ ಧಾರವಾಡದ ಬಸ್ಸಿನ ಫುಟ್‌ಬೋರ್ಡಿಗೆ ಜಿಗಿದ.

ಬಸ್ಸಿನಲ್ಲಿ ಹೊಟ್ಟೆ ಅವನನ್ನು ಬೈಯತೊಡಗಿತು. ಆಗ ನೆನಪಾದವರು ಅವನ ಗೈಡ್ ಉದಯಕುಮಾರ ಸರ್ ಅವರ ಹೆಂಡತಿ ಸುಮಲತಾ ಮೇಡಂ. ಅವರ ಮನೆಗೆ ಹೋದ ವಿದ್ಯಾರ್ಥಿ ಊಟವಿಲ್ಲದೆ ಬಂದದ್ದೇ ಇಲ್ಲ. ಇಳಿದವನೇ ನೇರ ಅಲ್ಲಿಗೆ ನಡೆದ.

ಬಾಗಿಲು ತೆಗೆದವರು ಸರ್. ಮೊಣಕೈ ತನಕ ಹಿಟ್ಟು, ಕಣ್ಣ ತುಂಬ ನೀರು.

"ಬಾ ಹುಲಗೇಶಾ. ನಿನ್ನ ಹಾದೀನ ಕಾಯಾಕತ್ತಿದ್ದೆ."

ಒಳಗೆ ಮೇಡಂ ತೂಗುಮಣೆಯ ಮೇಲೆ ಕೂತು ಫೋನಿನಲ್ಲಿ ನಗುತ್ತಿದ್ದರು. "ಹೂಂ ಮುರಿಗೆವ್ವಕ್ಕಾ, ನೀ ಹೇಳಿದ ಹುಡುಗ ಈಗ ಬಂದಾ ನೋಡು! ಭಾಳ ಛಲೋ ಹುಡುಗ!"

ಮೇಡಂ ಅವರ ತವರು ಉಪ್ಪಿನಬೆಟಗೇರಿ ಎಂಬುದೂ, ಮುರಿಗೆವ್ವ ಅವರ ಖಾಸಾ ಅಕ್ಕ ಎಂಬುದೂ ಹುಲಗೇಶನಿಗೆ ಗೊತ್ತಾದದ್ದು ಆಗಲೇ. ಸರ್ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೈಗೆ ಚಾಕು ಕೊಟ್ಟರು.

"ಉಳ್ಳಾಗಡ್ಡಿ ಹೆಚ್ಚು. ಆಮ್ಯಾಲೆ ಹಿಟ್ಟು ನಾದು. ಆಮ್ಯಾಲೆ ಭಾಂಡೆ ತಿಕ್ಕು."

ಹುಲಗೇಶ ಒಂದು ಈರುಳ್ಳಿ ಎತ್ತಿಕೊಂಡ. "ಸರ್, ಈ ನನ್ನ ದುಡಿಮಿ ಯಾವ ಕಾಲಮ್ಮಿನ್ಯಾಗ ಹಿಡೀತೀರಿ?"

ಸರ್ ತೋಳಿನಿಂದ ಕಣ್ಣು ಒರೆಸಿಕೊಂಡರು.

"ನಾನೂ ಪಿಎಚ್.ಡಿ. ಮಾಡುವಾಗ ನಮ್ಮ ಗೈಡ್ ಮನ್ಯಾಗ ಭಾಂಡೆ ತಿಕ್ಕಿದಾಂವ. ವಿದ್ಯಾರ್ಥಿ ದುಡಿಮಿಗೆ ಇನ್ನೂ ಯಾರೂ ಕಾಲಂ ಕಂಡುಹಿಡಿದಿಲ್ಲಪಾ. ಸಣ್ಣಗ ಹೆಚ್ಚು."